ಹಸಿ ಎಲೆ, ಪುಡಿ, ರೆಡಿ ಕೋನ್: ನಿಮ್ಮ ಕೈಗೆ ಯಾವ ಮದರಂಗಿ?

ಮದರಂಗಿ ಹಚ್ಚಿಕೊಳ್ಳಬೇಕು ಅಂತ ಬಂದವರು ನನ್ನನ್ನು ಮೊದಲು ಕೇಳುವುದು, "ಯಾವುದು ಚೆನ್ನಾಗಿ ಕೆಂಪಾಗುತ್ತೆ?" ಅಂತ. ನಾನು ಅವರನ್ನು ಕೇಳುವುದು ಬೇರೆ. "ಬಣ್ಣ ಯಾವತ್ತಿಗೆ ಬೇಕು? ಇವತ್ತು ಸಂಜೆಗಾ, ನಾಡಿದ್ದಿಗಾ?" ಎಲೆಯಾ ಪುಡಿಯಾ, ನಿಂಬೆರಸವಾ ನೀರಾ, ಕೋನಾ ಬಾಟಲಿಯಾ ಅನ್ನುವ ಆಯ್ಕೆಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಪ್ರಶ್ನೆಯ ಮುಂದೆಯೇ. ನಿಜವಾದ ಮದರಂಗಿಗೆ ಸಮಯ ಬೇಕು. ಎಷ್ಟು ಸಮಯ ಕೊಡಬಲ್ಲಿರಿ ಅನ್ನುವುದರ ಮೇಲೆ ಯಾವುದನ್ನು ಆರಿಸಬೇಕು ಅನ್ನುವುದು ನಿಂತಿದೆ.

ಬಣ್ಣ ಹೇಗೆ ಹತ್ತುತ್ತದೆ?

ಮದರಂಗಿ, ಗೋರಂಟಿ, ಮೆಹೆಂದಿ. ಹೆಸರು ಮೂರು, ಗಿಡ ಒಂದೇ: ಲಾಸೋನಿಯಾ ಇನರ್ಮಿಸ್. ಬಣ್ಣ ಕೊಡುವುದು ಅದರ ಎಲೆಯಲ್ಲಿರುವ ಲಾಸೋನ್ ಅನ್ನುವ ಕೇಸರಿ ಬಣ್ಣದ ಅಂಶ. ಒಣಗಿದ ಎಲೆಯಲ್ಲಿ ಅದು ನೂರಕ್ಕೆ ಒಂದೆರಡು ಭಾಗ ಇದ್ದರೆ ಹೆಚ್ಚು. ಎಲೆಯೊಳಗೆ ಅದು ಸಕ್ಕರೆಯ ಅಣುವಿಗೆ ಅಂಟಿಕೊಂಡೇ ಇರುತ್ತದೆ. ಎಲೆಯನ್ನು ಅರೆದು, ನೀರು ಕೊಟ್ಟು, ಬೆಚ್ಚಗೆ ಬಿಟ್ಟಾಗ ನಿಧಾನವಾಗಿ ಬಿಡಿಸಿಕೊಂಡು ಹೊರಗೆ ಬರುತ್ತದೆ. ಹೊರಬಂದ ಲಾಸೋನ್ ಚರ್ಮದ ಮೇಲ್ಪದರದ ಕೆರಟಿನ್ ಅನ್ನುವ ಪ್ರೋಟೀನ್ ಜೊತೆ ಬೆಸೆದುಕೊಳ್ಳುತ್ತದೆ. ಅದಕ್ಕೇ ತೊಳೆದರೂ ಹೋಗುವುದಿಲ್ಲ.

ಉದುರಿಸಿದ ತಕ್ಷಣ ಕಾಣುವುದು ಬರೀ ಕಿತ್ತಳೆ ಬಣ್ಣ. ಗಾಳಿಯ ಆಮ್ಲಜನಕ ತಾಗುತ್ತಾ 24ರಿಂದ 48 ಗಂಟೆಯಲ್ಲಿ ಅದು ಕೆಂಪುಕಂದಾಗುತ್ತದೆ. "ಅಯ್ಯೋ, ಬಣ್ಣ ಬರಲೇ ಇಲ್ಲ" ಅಂತ ಬೇಜಾರಾಗುವವರಲ್ಲಿ ಎಷ್ಟೋ ಜನ ಸುಮ್ನೆ ಒಂದು ದಿನ ಕಾದಿರುವುದಿಲ್ಲ, ಅಷ್ಟೇ.

ಜಾಗದ ಆಯ್ಕೆಯೂ ಇಲ್ಲೇ ತೀರ್ಮಾನ ಆಗುತ್ತದೆ. ಅಂಗೈ, ಅಂಗಾಲಿನ ಚರ್ಮ ದಪ್ಪ. ಹಾಗಾಗಿ ಅಲ್ಲಿ ಬಣ್ಣ ಗಾಢ. ಕೈಯ ಹಿಂಭಾಗ, ಮಣಿಕಟ್ಟು, ಪಾದದ ಮೇಲ್ಭಾಗದಲ್ಲಿ ಮಧ್ಯಮ. ತೋಳು, ಬೆನ್ನು, ಹೊಟ್ಟೆಯ ಮೇಲೆ ಎಂಥ ಒಳ್ಳೆಯ ಪೇಸ್ಟ್ ಹಾಕಿದರೂ ತೆಳು ಕಂದು ಬಣ್ಣವೇ. ತೋಳಿನ ಮೇಲೆ ಕಡುಗಪ್ಪು ಚಿತ್ರ ಬೇಕು ಅಂದರೆ ಮದರಂಗಿಯಿಂದ ಅದು ಸಾಧ್ಯವಿಲ್ಲ. ಒಪ್ಪಿಕೊಂಡು ಹಚ್ಚಿದರೆ ಆ ತೆಳು ಬಣ್ಣವೂ ಬಹಳ ಚೆಂದ. ಚರ್ಮ ಹಳೆಯ ಪದರ ಉದುರಿಸುತ್ತಾ ಹೋದಂತೆ ಬಣ್ಣವೂ ಹೋಗುತ್ತದೆ. ಒಂದರಿಂದ ಮೂರು ವಾರ ಅಂತ ಲೆಕ್ಕ ಇಟ್ಟುಕೊಳ್ಳಿ. ಕೈ ಜಾಸ್ತಿ ತೊಳೆಯುವವರಿಗೆ ಇನ್ನೂ ಬೇಗ.

ಹಸಿ ಎಲೆ

ಗಿಡ ಕೈಗೆ ಸಿಗುವ ಜಾಗದಲ್ಲಿದ್ದರೆ ಇದಕ್ಕಿಂತ ನಂಬಿಕೆಯ ದಾರಿ ಇಲ್ಲ. ಒಳಗೆ ಏನು ಬೆರೆಸಿದ್ದಾರೋ ಅನ್ನುವ ಅನುಮಾನವೇ ಇರುವುದಿಲ್ಲ. ಎಲೆ ಕಿತ್ತು, ತೊಳೆದು, ಸ್ವಲ್ಪವೇ ನೀರು ಚಿಮುಕಿಸಿ ನುಣ್ಣಗೆ ಅರೆದರೆ ಪೇಸ್ಟ್ ಸಿದ್ಧ. ಅರೆಯುವಾಗಲೇ ಎಲೆ ಜಜ್ಜಿ ಬಣ್ಣ ಬಿಡುವುದಕ್ಕೆ ಶುರುವಾಗುತ್ತದೆ. ಅರೆದವರ ಬೆರಳೇ ಮೊದಲು ಕೆಂಪಾಗುವುದು ಅದಕ್ಕೆ.

ಕೊರತೆ ಒಂದೇ, ಆದರೆ ದೊಡ್ಡದು. ಎಷ್ಟು ಅರೆದರೂ ಎಲೆಯ ನಾರು ಉಳಿಯುತ್ತದೆ. ಕೋನಿನ ಸಣ್ಣ ತೂತಿನಲ್ಲಿ ಅದು ಸಿಕ್ಕಿಕೊಳ್ಳುತ್ತದೆ. ಸಣ್ಣ ಗೆರೆ, ಬಳ್ಳಿ, ಜಾಲರಿ ಯಾವುದೂ ಬರುವುದಿಲ್ಲ. ಅಂಗೈಯಲ್ಲಿ ದುಂಡನೆ ಚಂದ್ರ, ಸುತ್ತ ಚುಕ್ಕಿ, ಬೆರಳ ತುದಿಗೆ ಟೊಪ್ಪಿಗೆ. ಇಷ್ಟು ಸಾಕು ಅನ್ನುವವರಿಗೆ ಹಸಿ ಎಲೆಯೇ ಸರಿ. ನನಗಂತೂ ಈ ಸರಳ ಚಿತ್ರದ ಮುಂದೆ ಎಷ್ಟೋ ಕುಸುರಿ ವಿನ್ಯಾಸಗಳು ಸಪ್ಪೆ ಅನ್ನಿಸುತ್ತವೆ.

ಪುಡಿ

ಕೈಯ ಮೇಲೆ ಚಿತ್ರ ಬಿಡಿಸುವ ಆಸೆ ಇದ್ದವರಿಗೆ ನಾನು ಹೇಳುವುದು ಪುಡಿಯನ್ನೇ. ಆದರೆ ಎಲ್ಲ ಪುಡಿಯೂ ಒಂದೇ ಅಲ್ಲ. ಕೂದಲಿಗೆ ಅಂತ ಮಾರುವ ಪುಡಿ ಸಾಮಾನ್ಯವಾಗಿ ತರಿತರಿ. ಬೇರೆ ಸೊಪ್ಪಿನ ಪುಡಿಗಳೂ ಅದರಲ್ಲಿ ಸೇರಿರಬಹುದು. ಚರ್ಮದ ಚಿತ್ರಕ್ಕೆ ಬೇಕಾದ್ದು ಹಲವು ಸಲ ಜರಡಿ ಹಿಡಿದ, ಪೌಡರ್‌ನಷ್ಟು ನಯವಾದ, ಬರೀ ಮದರಂಗಿ ಎಲೆಯ ಪುಡಿ. ಒಂದು ಚಿಟಿಕೆ ತೆಗೆದು ಬೆರಳುಗಳ ನಡುವೆ ಉಜ್ಜಿ ನೋಡಿ. ಮರಳಿನಂತೆ ಗರಗರ ಅಂದರೆ ಅದು ಕೋನಿಗೆ ಆಗುವುದಿಲ್ಲ. ಹಚ್ಚಹಸಿರಾಗಿದೆ ಅಂತ ಮರುಳಾಗಬೇಡಿ, ಹಸಿರು ಬಣ್ಣ ಬೆರೆಸಿದ ಪುಡಿಯೂ ಇರುತ್ತದೆ.

ಪ್ಯಾಕೆಟ್ಟಿನ ಮೇಲಿನ ಮಾತುಗಳನ್ನೂ ಬಿಡಿಸಿ ಓದಬೇಕು. "ಬಣ್ಣವಿಲ್ಲದ ಮದರಂಗಿ" ಅಂತ ಮಾರುವುದು ಕ್ಯಾಸಿಯಾ ಅನ್ನುವ ಬೇರೆ ಗಿಡದ ಎಲೆ. ಕೂದಲಿನ "ಕಪ್ಪು ಮದರಂಗಿ" ಪುಡಿ ಎಷ್ಟೋ ಸಲ ನೀಲಿ ಬಣ್ಣ ಕೊಡುವ ಇಂಡಿಗೋ ಗಿಡದ ಎಲೆ. ಇನ್ನು ಚರ್ಮದ ಮೇಲಿನ "ಬಿಳಿ ಮದರಂಗಿ" ಬರೀ ಬಣ್ಣ, ಅಂಟು. ಅದರಲ್ಲಿ ಮದರಂಗಿಯೇ ಇಲ್ಲ.

ಪುಡಿಗೂ ವಯಸ್ಸಿದೆ. ಶಾಖ, ಬೆಳಕು, ತೇವ ತಾಗಿದರೆ ಬಣ್ಣ ಬಿಡುವ ಶಕ್ತಿ ಕಳೆದುಕೊಳ್ಳುತ್ತದೆ. ಗಾಳಿಯಾಡದ ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಟ್ಟರೆ ಬಹಳ ಕಾಲ ಚೆನ್ನಾಗಿರುತ್ತದೆ.

ರೆಡಿ ಕೋನ್

ರೆಡಿ ಕೋನಿನಲ್ಲೇ ಎರಡು ಜಾತಿ. ಒಂದು, ಯಾರೋ ತಾವೇ ಕಲಸಿ, ತುಂಬಿ, ಫ್ರೀಜರ್‌ನಲ್ಲಿಟ್ಟು ಕೊಡುವ ತಾಜಾ ಕೋನ್. ಇನ್ನೊಂದು, ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತಿರುವ ಕೋನ್. ಮೊದಲನೆಯದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಕಲಸುವುದಕ್ಕೆ ಪುರುಸೊತ್ತಿಲ್ಲದಿದ್ದರೆ ಅದನ್ನೇ ತರಿಸಿ. ಎರಡನೆಯದರ ಬಗ್ಗೆ ಒಂದು ಸರಳ ಲೆಕ್ಕ ಹೇಳುತ್ತೇನೆ. ಕಲಸಿದ ಮದರಂಗಿ ಹೊರಗಿಟ್ಟರೆ ಒಂದೆರಡು ದಿನದಲ್ಲಿ ಬಣ್ಣ ಕಳೆದುಕೊಳ್ಳುತ್ತದೆ. ಹಾಗಿರುವಾಗ ತಿಂಗಳುಗಟ್ಟಲೆ ಹೊರಗಿದ್ದ ಕೋನ್ ಹತ್ತು ನಿಮಿಷಕ್ಕೆ ಕಡುಕೆಂಪು ಕೊಡುತ್ತದೆ ಅಂದರೆ, ಆ ಬಣ್ಣ ಎಲೆಯದಲ್ಲ ಅಲ್ವಾ?

ಕೊಳ್ಳುವ ಮೊದಲು ಕೇಳಿ: ಒಳಗೆ ಏನೇನಿದೆ? ಯಾವತ್ತು ಕಲಸಿದ್ದು? ಎಲ್ಲಿ ಇಟ್ಟಿದ್ದಿರಿ? ಸರಿಯಾದ ಉತ್ತರ ಚಿಕ್ಕದು. ಎಲೆಪುಡಿ, ನೀರು ಅಥವಾ ನಿಂಬೆರಸ, ಸಕ್ಕರೆ, ಎಸೆನ್ಷಿಯಲ್ ಎಣ್ಣೆ (ಗಿಡದಿಂದ ಇಳಿಸಿದ ಘಾಟಿನ ಎಣ್ಣೆ), ಫ್ರೀಜರ್. ಮೂಸಿ ನೋಡಿದರೆ ಒಣಹುಲ್ಲು, ಹಸಿ ಮಣ್ಣಿನಂಥ ವಾಸನೆ ಬರಬೇಕು. ಪೆಟ್ರೋಲ್, ಸೀಮೆಎಣ್ಣೆ, ಹೇರ್ ಡೈ ವಾಸನೆ ಹೊಡೆದರೆ ವಾಪಸ್ ಕೊಟ್ಟುಬಿಡಿ.

ಕಪ್ಪು ಕೋನ್ ಬೇಡವೇ ಬೇಡ

ಇದನ್ನು ಆಯ್ಕೆಗಳ ಸಾಲಿನಲ್ಲಿ ಇಡುವುದಕ್ಕೂ ನನಗೆ ಇಷ್ಟವಿಲ್ಲ. ಆದರೆ ಕೇಳುವವರು ಜಾಸ್ತಿ, ಹಾಗಾಗಿ ಹೇಳಲೇಬೇಕು. ಒಂದು ಗಂಟೆಯೊಳಗೆ ಇಂಕಿನಂತೆ ಕಪ್ಪಾಗುವ "ಬ್ಲ್ಯಾಕ್ ಹೆನ್ನಾ"ದಲ್ಲಿ ಸಾಮಾನ್ಯವಾಗಿ ಇರುವುದು ಪ್ಯಾರಾ-ಫಿನೈಲೀನ್‌ಡೈಅಮೀನ್, ಚಿಕ್ಕದಾಗಿ ಪಿಪಿಡಿ. ಇದು ಹೇರ್ ಡೈ ರಾಸಾಯನಿಕ. ಯುರೋಪಿನ ನಿಯಮದಲ್ಲಿ ಕೂದಲಿಗೂ ಶೇಕಡಾ 2ಕ್ಕಿಂತ ಜಾಸ್ತಿ ಬಳಸುವ ಹಾಗಿಲ್ಲ. ಚರ್ಮದ ಮೇಲೆ ಚಿತ್ರ ಬರೆಯುವುದಕ್ಕೆ ಅನುಮತಿಯೇ ಇಲ್ಲ. ಅಮೆರಿಕದ ಚರ್ಮದ ಅಲರ್ಜಿ ತಜ್ಞರ ಸಂಘ 2006ರಲ್ಲಿ ಇದನ್ನು ವರ್ಷದ ಅಲರ್ಜಿಕಾರಕ ಅಂತ ಹೆಸರಿಸಿತು.

ನನ್ನ ಗೆಳತಿಯ ಮಗಳು ಅವಸರದಲ್ಲಿ ಇಂಥ ಕೋನಿನಿಂದ ಮಣಿಕಟ್ಟಿಗೆ ಒಂದು ಬಳ್ಳಿ ಬರೆಸಿಕೊಂಡಿದ್ದಳು. ಮೊದಲ ದಿನ ಏನೂ ಆಗಲಿಲ್ಲ. ಎರಡನೇ ದಿನವೂ ಇಲ್ಲ. ಒಂದು ವಾರ ಕಳೆದ ಮೇಲೆ ಕೆರೆತ ಶುರುವಾಯಿತು. ಆಮೇಲೆ ನೋಡಿದರೆ ಬಳ್ಳಿ ಎಲ್ಲೆಲ್ಲಿ ಹೋಗಿತ್ತೋ ಅಲ್ಲೆಲ್ಲ ಚರ್ಮ ಉಬ್ಬಿ ನೀರುಗುಳ್ಳೆ ಎದ್ದಿತ್ತು. ಒಂದೊಂದು ಎಲೆ, ಒಂದೊಂದು ಸುರುಳಿ ಗುರುತು ಹಿಡಿಯುವ ಹಾಗೆ. ಗುಳ್ಳೆ ಒಣಗಿದ ಮೇಲೂ ಆ ಬಳ್ಳಿಯ ನೆರಳು ಅವಳ ಕೈಯಲ್ಲಿ ತಿಂಗಳುಗಟ್ಟಲೆ ಇತ್ತು. ಆ ಮಗುವಿನ ಕೈ ನೋಡಿದ ಮೇಲೆ ಈ ವಿಷಯದಲ್ಲಿ ನಾನು ಮೆತ್ತಗೆ ಮಾತಾಡುವುದನ್ನು ಬಿಟ್ಟಿದ್ದೇನೆ.

ತಡವಾಗಿ ಬರುವುದೇ ಇದರ ಮೋಸ. ಹಚ್ಚಿದವರು ಆಗ ಎದುರಿಗೆ ಇರುವುದಿಲ್ಲ. ಒಮ್ಮೆ ದೇಹ ಪಿಪಿಡಿಗೆ ತಿರುಗಿಬಿದ್ದರೆ ಸಾಮಾನ್ಯವಾಗಿ ಜೀವನಪೂರ್ತಿ ಹಾಗೇ ಇರುತ್ತದೆ. ಮುಂದೆ ಕೂದಲಿಗೆ ಡೈ ಹಾಕಿದಾಗ ಮುಖವೇ ಊದಿಕೊಳ್ಳಬಹುದು. ಈಗಾಗಲೇ ಇಂಥ ಗುಳ್ಳೆ ಎದ್ದಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ. ಕಪ್ಪು ಕೋನ್ ಹಚ್ಚಿದ್ದು ಅಂತ ಬಾಯಿಬಿಟ್ಟು ಹೇಳಿ.

ಕಪ್ಪೇ ಬೇಕು ಅನ್ನುವವರಿಗೆ ಗಿಡದಿಂದ ಬರುವ ದಾರಿ ಒಂದಿದೆ, ಜಾಗ್ವಾ. ದಕ್ಷಿಣ ಅಮೆರಿಕದ ಕಾಡಿನ ಜನ ಬಹಳ ಹಿಂದಿನಿಂದ ಬಳಸಿದ ಜೆನಿಪಾ ಅಮೆರಿಕಾನಾ ಮರದ ಬಲಿಯದ ಕಾಯಿಯ ರಸ ಅದು. ಒಂದೆರಡು ದಿನದಲ್ಲಿ ನೀಲಿಗಪ್ಪು ಬಣ್ಣಕ್ಕೆ ತಿರುಗುತ್ತದೆ, ಒಂದೆರಡು ವಾರ ಇರುತ್ತದೆ. ತೋಳಿನ ಮೇಲೂ ಚೆನ್ನಾಗಿ ಕಾಣುತ್ತದೆ. ಇದಕ್ಕೂ ಅಲರ್ಜಿ ಆದವರಿದ್ದಾರೆ, ಹಾಗಾಗಿ ಮೊದಲು ಚಿಕ್ಕ ಚುಕ್ಕಿ ಇಟ್ಟು ಕಾದು ನೋಡಿ.

ಕಲಸುವಾಗ: ನಿಂಬೆಯೋ ನೀರೋ?

ಮೊದಲ ಸಲಕ್ಕೆ 20 ಗ್ರಾಂ ಪುಡಿ ಸಾಕು. ಅದಕ್ಕೆ 50ರಿಂದ 60 ಮಿಲಿಲೀಟರ್ ದ್ರವ, ಒಂದು ಚಮಚ ಸಕ್ಕರೆ, ಸುಮಾರು 6 ಮಿಲಿಲೀಟರ್ ಎಸೆನ್ಷಿಯಲ್ ಎಣ್ಣೆ.

ನಿಂಬೆರಸದ ಹುಳಿಯಲ್ಲಿ ಬಣ್ಣ ನಿಧಾನವಾಗಿ ಬಿಡುತ್ತದೆ, ಬಿಟ್ಟ ಬಣ್ಣ ಬೇಗ ಸಾಯುವುದಿಲ್ಲ. ನೀರಿನಲ್ಲಿ ಬೇಗ ಬಿಡುತ್ತದೆ, ಬೇಗ ಹೋಗುತ್ತದೆ. ನಾಳೆ ನಾಡಿದ್ದು ಎರಡೂ ದಿನ ಹಚ್ಚುವುದಿದ್ದರೆ ನಿಂಬೆ. ನಾಳೆ ಒಂದೇ ದಿನಕ್ಕಾದರೆ, ಅಥವಾ ಚರ್ಮ ಒಣಗುವ, ಉರಿಯುವ ಸ್ವಭಾವದ್ದಾದರೆ ನೀರು. ನಿಂಬೆರಸ ಹಾಕುವುದಾದರೆ ಸೋಸಿಯೇ ಹಾಕಿ. ತಿರುಳು ಉಳಿದರೆ ಕೋನ್ ಕಟ್ಟಿಕೊಳ್ಳುತ್ತದೆ. ಟೀ, ಕಾಫಿ ಡಿಕಾಕ್ಷನ್ ಹಾಕುವವರೂ ಇದ್ದಾರೆ. ಅದರಿಂದ ಪೇಸ್ಟ್ ಕಪ್ಪಗೆ ಕಾಣುತ್ತದೆ, ಕೈಯ ಬಣ್ಣ ಹೆಚ್ಚಾಗಿದ್ದು ನಾನಂತೂ ನೋಡಿಲ್ಲ.

ಸಕ್ಕರೆ ಹಾಕುವುದು ಪೇಸ್ಟ್ ಬೇಗ ಒಣಗಿ ಉದುರದಿರಲಿ ಅಂತ. ಗೆರೆ ಎಳೆದಾಗ ತುಂಡಾಗದೆ ದಾರದಂತೆ ಬರುವುದೂ ಅದರಿಂದಲೇ. ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನ ಸಕ್ಕರೆ ಕಡಿಮೆ ಮಾಡಿ. ಇಲ್ಲದಿದ್ದರೆ ಗೆರೆ ಒಣಗದೆ ಹರಡಿಕೊಳ್ಳುತ್ತದೆ.

ಎಣ್ಣೆಯ ಆಯ್ಕೆ ಬಣ್ಣಕ್ಕೆ ಬಹಳ ಮುಖ್ಯ. ಲ್ಯಾವೆಂಡರ್, ಟೀ ಟ್ರೀ, ಕಾಜಪುಟ್ ಎಣ್ಣೆಗಳು ಬಣ್ಣವನ್ನು ಎದ್ದು ಕಾಣುವಷ್ಟು ಗಾಢ ಮಾಡುತ್ತವೆ. ಮೂರರಲ್ಲಿ ನಾನು ಆರಿಸುವುದು ಲ್ಯಾವೆಂಡರ್. ಚರ್ಮಕ್ಕೆ ಮೆತ್ತಗೆ, ವಾಸನೆಯೂ ಹಿತ. ನೀಲಗಿರಿ ಎಣ್ಣೆ ಕೆಲಸ ಮಾಡುತ್ತದೆ, ಆದರೆ ಖಾರ ಜಾಸ್ತಿ. ಲವಂಗದ ಎಣ್ಣೆ ಎಷ್ಟೋ ಜನರ ಚರ್ಮ ಸುಡುತ್ತದೆ, ನಾನು ಮುಟ್ಟುವುದಿಲ್ಲ. ಸುವಾಸನೆಗೆ ಅಂತ ಮಾರುವ ಸೆಂಟಿನ ಎಣ್ಣೆ ಬೇರೆಯದು, ಅದು ಬೇಡ. ಚಿಕ್ಕ ಮಕ್ಕಳಿಗೆ, ಗರ್ಭಿಣಿಯರಿಗೆ ಎಣ್ಣೆ ಇಲ್ಲದೆಯೇ ಕಲಸಿದರೆ ಒಳ್ಳೆಯದು. ಬಣ್ಣ ತುಸು ಕಡಿಮೆ ಬಂದರೂ ಚಿಂತೆಯಿಲ್ಲ.

ಕಲಸುವಾಗ ಮೊದಲೇ ತೆಳು ಮಾಡಬೇಡಿ. ಗಟ್ಟಿ ಮುದ್ದೆ ಮಾಡಿ, ಮೇಲ್ಮೈಗೆ ತಾಗುವಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಬಿಡಿ. ಕೋಣೆ 25 ಡಿಗ್ರಿ ಸುತ್ತಮುತ್ತ ಇದ್ದರೆ 8ರಿಂದ 12 ಗಂಟೆ. ಚಳಿ ಇದ್ದರೆ ಪೂರ್ತಿ ಒಂದು ದಿನ. 35 ಡಿಗ್ರಿ ಸೆಖೆಯಲ್ಲಿ ನಾಲ್ಕೈದು ಗಂಟೆಗೇ ನೋಡಲು ಶುರು ಮಾಡಿ. ಗಡಿಯಾರಕ್ಕಿಂತ ಬಟ್ಟಲನ್ನು ನಂಬಿ. ಹಾಳೆ ಎತ್ತಿದಾಗ ಮೇಲೆ ಕಂದು ಪದರ ಕಾಣಬೇಕು, ಚಮಚದಿಂದ ಒಡೆದರೆ ಒಳಗೆ ಇನ್ನೂ ಹಸಿರು ಇರಬೇಕು. ಒಂದು ಚುಕ್ಕಿ ಅಂಗೈಗೆ ಇಟ್ಟು ಹತ್ತು ನಿಮಿಷ ಬಿಟ್ಟು ಒರೆಸಿ. ಹೊಳೆಯುವ ಕಿತ್ತಳೆ ಗುರುತು ಬಿದ್ದಿದ್ದರೆ ಬಣ್ಣ ತಯಾರು. ಆಗ ಹನಿಹನಿ ದ್ರವ ಸೇರಿಸುತ್ತಾ ಕದಡಿ. ಚಮಚ ಎತ್ತಿದರೆ ಪೇಸ್ಟ್ ರಿಬ್ಬನ್‌ನಂತೆ ಇಳಿಯಬೇಕು. ಇಳಿದ ರಿಬ್ಬನ್ ಒಂದೆರಡು ಕ್ಷಣ ಹಾಗೇ ನಿಂತು, ಆಮೇಲೆ ಮುಳುಗಬೇಕು. ಕೊನೆಗೆ ತೆಳು ನೈಲಾನ್ ಬಟ್ಟೆಯಲ್ಲಿ ಹಿಂಡಿ ಸೋಸಿಬಿಡಿ. ಈ ಐದು ನಿಮಿಷದ ಕೆಲಸ ಬಿಟ್ಟವರು ಆಮೇಲೆ ಅರ್ಧ ಗಂಟೆ ಪಿನ್ ಹಿಡಿದು ಕೋನಿನ ತುದಿ ಚುಚ್ಚುತ್ತಾ ಕೂರುತ್ತಾರೆ.

ಕೋನ್, ಬಾಟಲಿ, ಕಡ್ಡಿ

ಸಣ್ಣ ಗೆರೆಗೆ ಕೋನೇ ರಾಜ. ಸ್ವಲ್ಪ ದಪ್ಪ ಇರುವ ಪಾರದರ್ಶಕ ಹಾಳೆಯನ್ನು ಬಿಗಿಯಾಗಿ ಸುತ್ತಿ, ಮುಕ್ಕಾಲು ಭಾಗ ಮಾತ್ರ ತುಂಬಿ. ತುದಿ ಚರ್ಮಕ್ಕೆ ತಾಗಿಸಬೇಡಿ. ಸ್ವಲ್ಪ ಮೇಲೆ ಹಿಡಿದು ಒತ್ತಿದರೆ ದಾರ ತಾನೇ ಇಳಿಯುತ್ತದೆ, ನೀವು ಅದನ್ನು ಮಲಗಿಸುತ್ತಾ ಹೋಗುವುದು ಅಷ್ಟೇ. ಇದು ಕೈಗೆ ಬರುವುದಕ್ಕೆ ಹತ್ತಿಪ್ಪತ್ತು ಸಲ ಕಾಗದದ ಮೇಲೆ ಅಭ್ಯಾಸ ಬೇಕು.

ಲೋಹದ ತುದಿಯ ಚಿಕ್ಕ ಬಾಟಲಿ ಹೊಸಬರಿಗೆ ಹಿಡಿಯುವುದಕ್ಕೆ ಸುಲಭ. ಆದರೆ ಬೇಗ ಕಟ್ಟಿಕೊಳ್ಳುತ್ತದೆ, ತೊಳೆಯುವ ರಗಳೆ ಬೇರೆ. ಹಸಿ ಎಲೆಯ ಪೇಸ್ಟಿಗೆ ಕಡ್ಡಿ ಅಥವಾ ಬೆರಳು.

ಹಚ್ಚಿದ ಮೇಲೆ

ಹಚ್ಚುವ ಮೊದಲು ಸೋಪಿನಿಂದ ಕೈ ತೊಳೆದು ಒರೆಸಿ. ಲೋಷನ್ ಹಚ್ಚಿದ ಚರ್ಮಕ್ಕೆ ಬಣ್ಣ ಸರಿಯಾಗಿ ಇಳಿಯುವುದಿಲ್ಲ. ವ್ಯಾಕ್ಸಿಂಗ್, ಸ್ಕ್ರಬ್ ಏನಿದ್ದರೂ ಹಿಂದಿನ ದಿನವೇ ಮುಗಿಸಿ. ಗಾಯ, ಗೀರು ಇರುವ ಕಡೆ ಹಚ್ಚಬೇಡಿ.

ಪೇಸ್ಟ್ ಎಷ್ಟು ಹೊತ್ತು ಚರ್ಮಕ್ಕೆ ಅಂಟಿಕೊಂಡಿರುತ್ತದೋ ಅಷ್ಟು ಬಣ್ಣ. ಕನಿಷ್ಠ 4 ಗಂಟೆ, 6ರಿಂದ 8 ಆದರೆ ಉತ್ತಮ. ಉದುರದಂತೆ ಹಿಡಿಯುವುದಕ್ಕೆ ನಿಂಬೆರಸಕ್ಕೆ ಸಕ್ಕರೆ ಕರಗಿಸಿ ಹತ್ತಿಯಿಂದ ಮೆಲ್ಲಗೆ ಒತ್ತುವುದು ಒಂದು ದಾರಿ. ಪೇಸ್ಟ್ ಮೇಲ್ಮೈ ಒಣಗಿದ ಮೇಲೆ, ಒಂದೆರಡು ಸಲ ಸಾಕು. ಜಾಸ್ತಿ ಆದರೆ ಗೆರೆಗಳು ಕರಗಿ ಒಂದಕ್ಕೊಂದು ಸೇರುತ್ತವೆ. ರಾತ್ರಿ ಮಲಗುವುದಿದ್ದರೆ ಟಿಶ್ಯೂ ಕಾಗದ ಸುತ್ತಿ ಮೇಲೆ ಕಾಗದದ ಮೆಡಿಕಲ್ ಟೇಪ್ ಹಾಕುವುದು ಮೇಲು. ಬರೀ ಪ್ಲಾಸ್ಟಿಕ್ ಸುತ್ತಿದರೆ ಒಳಗೆ ಬೆವರಿ ಚಿತ್ರ ಹರಡುತ್ತದೆ. ಕೈ ಬೆಚ್ಚಗಿರಲಿ, ತಣ್ಣಗಿನ ಚರ್ಮದಲ್ಲಿ ಬಣ್ಣ ಮಂಕು.

ತೆಗೆಯುವಾಗ ನೀರು ಮುಟ್ಟಿಸಬೇಡಿ. ಚಮಚದ ಹಿಂಬದಿಯಿಂದ ಕೆರೆದು ಉದುರಿಸಿ. ಆಮೇಲೆ 12 ಗಂಟೆಯಾದರೂ ನೀರಿನಿಂದ ದೂರ, ಸಾಧ್ಯವಾದರೆ ಪೂರ್ತಿ ದಿನ. ಸ್ನಾನಕ್ಕೆ ಮೊದಲು ಚಿತ್ರದ ಮೇಲೆ ಸ್ವಲ್ಪ ಎಣ್ಣೆ ಸವರಿಕೊಳ್ಳಿ. ಕ್ಲೋರಿನ್ ಹಾಕಿದ ಈಜುಕೊಳ ಬಣ್ಣದ ದೊಡ್ಡ ಶತ್ರು.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಜಿ6ಪಿಡಿ ಕೊರತೆ ಅನ್ನುವ ಹುಟ್ಟಿನಿಂದ ಬರುವ ರಕ್ತದ ತೊಂದರೆ ಇದ್ದವರಿಗೆ ಶುದ್ಧ ಮದರಂಗಿಯೂ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ಹಸುಗೂಸುಗಳಲ್ಲಿ ಇದು ತುಂಬಾ ಅಪಾಯ. ಹಾಗಾಗಿ ಎಳೆ ಮಕ್ಕಳಿಗೆ ಹಚ್ಚಲೇಬೇಡಿ, ಶುದ್ಧ ಎಲೆಯೇ ಆದರೂ ಸರಿ.

ದಿನದ ಲೆಕ್ಕ ಹಿಂದಿನಿಂದ ಹಾಕಿ. ಭಾನುವಾರ ಕೈ ಕೆಂಪಗಿರಬೇಕು ಅಂದರೆ ಗುರುವಾರ ರಾತ್ರಿ ಪುಡಿ ಕಲಸಿ. ಶುಕ್ರವಾರ ಬೆಳಗ್ಗೆ ಸೋಸಿ, ಕೋನಿಗೆ ತುಂಬಿ ಫ್ರಿಜ್‌ನಲ್ಲಿಡಿ. ಶುಕ್ರವಾರ ಸಂಜೆ ಹಚ್ಚಿ ಮಲಗಿ, ಶನಿವಾರ ಬೆಳಗ್ಗೆ ಉದುರಿಸಿ. ಭಾನುವಾರದ ಹೊತ್ತಿಗೆ ಬಣ್ಣ ಮಾಗಿರುತ್ತದೆ. ಶುಕ್ರವಾರವೇ ನೆನಪಾಯಿತು ಅಂದರೆ ತಾಜಾ ಫ್ರೀಜರ್ ಕೋನ್ ತರಿಸಿ ಅವತ್ತು ರಾತ್ರಿಯೇ ಹಚ್ಚಿ. ಶನಿವಾರ ರಾತ್ರಿ ನೆನಪಾಯಿತಾ? ಆಗಲೂ ಹಚ್ಚಬಹುದು, ಆದರೆ ಅಂಗೈಗೆ ಮಾತ್ರ. ಭಾನುವಾರ ಕಿತ್ತಳೆ, ಸೋಮವಾರ ಕೆಂಪು. ಉಳಿದ ಕೋನ್‌ಗಳನ್ನು ಕವರಿಗೆ ಹಾಕಿ, ಕಲಸಿದ ತಾರೀಕು ಬರೆದು ಫ್ರೀಜರ್‌ಗೆ ಇಡಿ. ಕೆಲವು ತಿಂಗಳು ಚೆನ್ನಾಗಿರುತ್ತವೆ. ಒಮ್ಮೆ ಕರಗಿಸಿದ್ದನ್ನು ಅವತ್ತೇ ಮುಗಿಸಿಬಿಡಿ.